ಹನ್ನೊಂದನೆಯ ಹೆಸರು

15 ಸೆಪ್ಟೆಂಬರ್ 2008, ಸೋಮವಾರ

ಮೂವತ್ತನಾಲ್ಕು ವರ್ಷ ಕೇಂದ್ರ ಸಚಿವಾಲಯದಲ್ಲಿ ಕೂತು ಬೇರೆಯವರ ಕಡತಗಳ ಮೇಲೆ ಟಿಪ್ಪಣಿ ಬರೆದೆ. ಸ್ವಂತದ್ದೊಂದು ಬರೆಯಲು ಅರವತ್ತೊಂದು ತುಂಬಬೇಕಾಯಿತು. ಇದಕ್ಕೂ ಕಾರಣ ಪದ್ಮಾ. "ದಿನಾ ಬಂದು ಆಫೀಸಿನ ಪುರಾಣ ನನ್ನ ಮುಂದೆ ಬಿಚ್ಚಬೇಡಿ. ಒಂದು ಪುಸ್ತಕದಲ್ಲಿ ಬರ್ಕೊಳ್ಳಿ. ಅದಾದ್ರೆ ಎದುರು ಮಾತಾಡಲ್ಲ" ಅಂದಳು. ಹೆಂಡತಿಯ ಆದೇಶ, ಪಾಲಿಸಲಾಗಿದೆ.

ಇವತ್ತು ಹಂಸಿನಿ ಕೆಲಸಕ್ಕೆ ಸೇರಿದಳು. ನಮ್ಮ ಮರಿಯಪ್ಪನ ಮಗಳು. ನಾನೂ ಮರಿಯಪ್ಪನೂ ಒಂದೇ ಸೆಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷ ಎದುರುಬದುರು ಕೂತವರು. ಅವನ ಮನೆಯ ಚಟ್ನಿಪುಡಿಯನ್ನು ಅವನಿಗಿಂತ ಹೆಚ್ಚು ತಿಂದವನು ನಾನು. ಹೋದ ವರ್ಷ ಅವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿದೆ, ಮಾತು ತೊದಲು. ದೆಹಲಿಯ ದ್ವಾರಕಾದಲ್ಲಿರುವ ಆ ಮನೆ ಇನ್ನು ನಿಲ್ಲಬೇಕಾದದ್ದು ಹಂಸಿನಿಯ ಕೆಲಸದ ಮೇಲೆ. ಹುಡುಗಿ ಚುರುಕು, ಕಂಪ್ಯೂಟರ್ ಓದಿದ್ದಾಳೆ. ಮಾಲೀಕ ಸಚ್‌ದೇವ್ ಸಾಹೇಬರ ಹತ್ತಿರ ನಾನೇ ಮಾತಾಡಿ ಸೇರಿಸಿದೆ. ಮೊದಲ ದಿನವಾದ್ದರಿಂದ ಕ್ಯಾಬಿನಲ್ಲಿ ಜೊತೆಗೇ ಕರೆದುಕೊಂಡು ಹೋದೆ. ಟೋಲ್ ದಾಟುವುದಕ್ಕೇ ಮುಕ್ಕಾಲು ಗಂಟೆ. "ಅಂಕಲ್, ಇಷ್ಟು ಹೊತ್ತಲ್ಲಿ ಒಂದು ಪ್ರೋಗ್ರಾಮ್ ಬರೆದು ಮುಗಿಸ್ತಿದ್ದೆ" ಅಂತ ನಕ್ಕಳು.

ನಮ್ಮ ಆಫೀಸು ಗುರ್‌ಗಾಂವಿನ ಉದ್ಯೋಗ ವಿಹಾರದಲ್ಲಿ, ಒಂದು ಸಿದ್ಧ ಉಡುಪಿನ ಗೋದಾಮಿನ ಮೇಲಿನ ಮಹಡಿ. ಇಂಗ್ಲೆಂಡಿನ ಒಂದು ವಿಮಾ ಕಂಪನಿಗೆ ಕಂಪ್ಯೂಟರ್ ಪ್ರೋಗ್ರಾಮು ಬರೆದುಕೊಡುವ ಕೆಲಸ. ನಾನು ಅಲ್ಲಿ ಆಡಳಿತಾಧಿಕಾರಿ: ಹಾಜರಿ, ಬಾಡಿಗೆ, ಪರವಾನಗಿ, ಮತ್ತು ಕೀಲಿಕೈ. ಕೀಲಿಕೈ ಅಂದರೆ ಹುಡುಗರು ಬರೆದ ಕೋಡ್ ಇಡುವ ಜಾಗದ್ದು. ಅವರು ಅದನ್ನು ರೆಪೊ ಅನ್ನುತ್ತಾರೆ, ನಾನು ಉಗ್ರಾಣ ಅನ್ನುತ್ತೇನೆ. ಅಮೆರಿಕದ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಅದಿದೆ, ಹೊರಗಿನವರು ಕಾಣದ ಹಾಗೆ. ತಿಂಗಳ ಚಂದಾ. ನಮ್ಮ ಚಂದಾಕ್ಕೆ ಹತ್ತೇ ಜನ ಒಳಗೆ ಹೋಗಬಹುದು, ಹನ್ನೊಂದನೆಯವನಿಗೆ ಬಾಗಿಲಿಲ್ಲ.

ಹತ್ತು ಯಾರು? ಕೋಡ್ ಬರೆಯುವವರು ಏಳು. ಸಚ್‌ದೇವ್ ಸಾಹೇಬರು. ಇಂಗ್ಲೆಂಡಿನಿಂದ ಆಗಾಗ ಇಣುಕಿ ನೋಡುವ ಗಿರಾಕಿಯ ಕಡೆಯವನು. ಯಾರನ್ನು ಒಳಗೆ ಬಿಡಬೇಕೆಂದು ಗೊತ್ತು ಮಾಡುವ ಯಜಮಾನ ಖಾತೆ ಹಿಡಿದಿರುವ ನಾನು. ಹಂಸಿನಿ ಹನ್ನೊಂದನೆಯವಳು.

17 ಸೆಪ್ಟೆಂಬರ್, ಬುಧವಾರ

ಸಾಹೇಬರಿಗೆ ವಿನಂತಿಸಿದೆ. ಇದರ ಮೇಲಿನ ಚಂದಾ ಇಪ್ಪತ್ತೈದು ಜನರದು, ಅದನ್ನು ತೆಗೆದುಕೊಳ್ಳೋಣ ಅಂದೆ. "ಒಬ್ಬಳಿಗೋಸ್ಕರ ಇಪ್ಪತ್ತೈದು ಜನರ ಚಂದಾನೇ, ಮೂರ್ತಿ ಜೀ?" ಅಂದರು. ಹಾಗಾದರೆ ತಮ್ಮ ಹೆಸರನ್ನು ತೆಗೆಯಬಹುದೇ, ತಾವು ಒಮ್ಮೆಯೂ ಒಳಗೆ ಹೋದಂತಿಲ್ಲ ಅಂದೆ. ನನ್ನನ್ನೇ ದಿಟ್ಟಿಸಿ ನೋಡಿದರು. "ಮಾಲೀಕನಿಗೇ ಕೀಲಿ ಇಲ್ಲ ಅಂದರೆ ಜನ ಏನಂತಾರೆ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೇ ಕೊಡುವುದಿಲ್ಲ.

ಮೂರು ದಿನದಿಂದ ಹಂಸಿನಿ ಖಾಲಿ ಕೂತಿದ್ದಾಳೆ. ಕೆಲಸಕ್ಕೆ ಕರೆದುತಂದು ಬಾಗಿಲ ಹೊರಗೆ ನಿಲ್ಲಿಸಿದ ಹಾಗಾಯಿತು.

19 ಸೆಪ್ಟೆಂಬರ್, ಶುಕ್ರವಾರ

ದಾರಿ ಸಿಕ್ಕಿತು! ಅದೂ ನಮ್ಮ ಸಚಿವಾಲಯದ್ದೇ ದಾರಿ. ಅಲ್ಲಿ ಒಬ್ಬ ಅಧಿಕಾರಿ ರಜೆ ಹೋದರೆ ಅವನ ಕೆಲಸಕ್ಕೆ ಲಿಂಕ್ ಆಫೀಸರ್ ಅಂತ ಒಬ್ಬನನ್ನು ಮೊದಲೇ ಗೊತ್ತು ಮಾಡಿರುತ್ತಾರೆ. ಅವನ ಕುರ್ಚಿಯ ಅಧಿಕಾರದಲ್ಲೇ ಇವನು ಸಹಿ ಹಾಕುತ್ತಾನೆ. ಕಡತ ನಿಲ್ಲುವುದಿಲ್ಲ. ಇಲ್ಲೂ ಹಾಗೆಯೇ ಮಾಡಿದೆ. ರಾಹುಲ್ ಅನ್ನುವ ಹುಡುಗನ ಹೆಸರು, ಗುಪ್ತಪದ ಎರಡನ್ನೂ ಹಂಸಿನಿಗೂ ಕೊಟ್ಟೆ. ಒಂದು ಕುರ್ಚಿ, ಇಬ್ಬರು. ಅಮೆರಿಕದ ಕಂಪ್ಯೂಟರಿಗೆ ಎಣಿಸಲು ಹತ್ತೇ ತಲೆ.

ರಾಹುಲ್ ಹೆಗಲು ಕುಣಿಸಿ "ಚಲೇಗಾ ಸರ್" ಅಂದ. ಸಾಹೇಬರಿಗೆ ಹೇಳಲು ಹೋಗಲಿಲ್ಲ. ಕೇಳಿದರೆ ಬೇಡ ಅನ್ನುವವರನ್ನು ಕೇಳಬಾರದು ಅನ್ನುವುದು ಆಡಳಿತದ ಮೊದಲ ಪಾಠ. ಮರಿಯಪ್ಪನಿಗೆ ಫೋನು ಮಾಡಿ ಹೇಳಿದೆ. ತೊದಲುತ್ತಲೇ ನಕ್ಕ. "ಲಿಂಕ್... ಆಫೀಸರ್ರಾ?" ಅಂದ. ಬಹಳ ದಿನದ ಮೇಲೆ ಅವನ ನಗು ಕೇಳಿ ಖುಷಿಯಾಯಿತು.

8 ಅಕ್ಟೋಬರ್, ಬುಧವಾರ

ಹಂಸಿನಿ ಮೇಜಿನ ಮುಂದೆ ಬಂದು ನಿಂತಳು. ವಿಮೆಯ ಕ್ಲೇಮು ಎಷ್ಟು ಕೊಡಬೇಕೆಂದು ಲೆಕ್ಕ ಹಾಕುವ ಭಾಗವನ್ನು ಪೂರ್ತಿ ಅವಳೊಬ್ಬಳೇ ಬರೆಯುತ್ತಿದ್ದಾಳೆ. ಅದೇ ಈ ಪ್ರೋಗ್ರಾಮಿನ ಹೃದಯವಂತೆ, ರಾಹುಲನೇ ಹೇಳಿದ.

"ಅಂಕಲ್, ನಾನು ಬರೆದದ್ದೆಲ್ಲ ಲಾಗ್‌ನಲ್ಲಿ ರಾಹುಲ್ ಹೆಸರಲ್ಲಿ ಬೀಳ್ತಿದೆ." ಉಗ್ರಾಣಕ್ಕೆ ಯಾರು ಏನು ಹಾಕಿದರೆಂದು ಕಂಪ್ಯೂಟರ್ ತಾನೇ ಬರೆದುಕೊಳ್ಳುವ ದಾಖಲೆಗೆ ಲಾಗ್ ಅನ್ನುತ್ತಾರೆ.

"ಬೀಳಲಿ ಬಿಡಮ್ಮ. ಕೆಲಸ ಆಗ್ತಿದೆಯಲ್ಲ?"

"ಸಚಿವಾಲಯದಲ್ಲಿ ಲಿಂಕ್ ಆಫೀಸರ್ 'ಪರವಾಗಿ' ಅಂತ ಬರೆದು ಕೆಳಗೆ ತನ್ನ ಹೆಸರು ಹಾಕ್ತಾನೆ ಅಂತ ಅಪ್ಪ ಹೇಳಿದ್ರು. ಇಲ್ಲಿ ಅದೂ ಇಲ್ಲ. ನಂಗೆ ಪಾಸ್‌ವರ್ಡ್ ಬೇಡ ಅಂಕಲ್, ನನ್ ನಾಮ್, ಮೇರಾ ಅಪ್ನಾ, ಅದು ಬೇಕು."

ಈ ದೆಹಲಿಯಲ್ಲಿ ಬೆಳೆದ ಮಕ್ಕಳು ಕೋಪ ಬಂದರೆ ಹಿಂದಿಗೆ ಜಾರುತ್ತವೆ. ಜಾಗವಿಲ್ಲ, ಹತ್ತು ತುಂಬಿದೆ ಎಂದು ಮತ್ತೆ ವಿವರಿಸಿದೆ. ಆಗ ಆಕೆ ಮೆಲ್ಲಗೆ, "ನಿಮ್ಮ ಸೀಟು? ಯಜಮಾನ ಖಾತೆ ರಾಹುಲ್‌ಗೆ ವರ್ಗ ಮಾಡಿದ್ರೆ ಒಂದು ಖಾಲಿ ಆಗತ್ತೆ. ನೀವು ಕೋಡ್ ಓದಲ್ವಲ್ಲ" ಅಂದಳು.

ಸತ್ಯ ಹೇಳಬೇಕೆಂದರೆ ಮುಖಕ್ಕೆ ಹೊಡೆದ ಹಾಗಾಯಿತು. ನಿವೃತ್ತಿಯಾದ ಮೇಲೆ ಎರಡು ತಿಂಗಳು ಮುನಿರ್ಕಾದ ಮನೆಯಲ್ಲಿ ಕೂತು, ತರಕಾರಿ ಹೇಗೆ ಹೆಚ್ಚಬೇಕೆಂದು ಪದ್ಮಾಳಿಗೆ ಕಲಿಸಲು ಹೋಗಿ ಬೈಸಿಕೊಂಡವನು ನಾನು. ಇಲ್ಲಿ ಬಂದ ಮೇಲೆ ಹತ್ತು ಜನ ಒಳಗೆ ಹೋಗಲು ನನ್ನ ಅನುಮತಿ ಕೇಳುತ್ತಾರೆ. ಅದನ್ನು ಇಪ್ಪತ್ತಾರರ ಹುಡುಗನಿಗೆ ಕೊಟ್ಟು ನಾನು ಹಾಜರಿ ಪುಸ್ತಕ ಕಾಯಬೇಕೇ? "ಅದೆಲ್ಲ ಜವಾಬ್ದಾರಿಯ ವಿಷಯ, ನಿನಗೆ ಗೊತ್ತಾಗಲ್ಲ" ಅಂದೆ.

ಕೊನೆಗೆ ಒಂದು ರಾಜಿಯಾಯಿತು. ಪ್ರತಿ ಸಲ ಕೋಡ್ ಒಳಗೆ ಹಾಕುವಾಗ ಒಂದು ಸಾಲು ಟಿಪ್ಪಣಿ ಬರೆಯಲು ಜಾಗವಿದೆಯಂತೆ. ಅದರ ಕೊನೆಯಲ್ಲಿ ಹಂಸಿನಿ ಎಂದು ಬರೆದುಕೊಳ್ಳಲಿ. ಒಪ್ಪಿದಳು, ಆದರೆ ನಗಲಿಲ್ಲ.

30 ಅಕ್ಟೋಬರ್, ಗುರುವಾರ

ದೀಪಾವಳಿಯ ಪಟಾಕಿ ಹೊಗೆಯಿಂದ ಗಂಟಲು ಕಟ್ಟಿದೆ. ಹಬ್ಬದ ಮುಂಚೆ ಆಫೀಸಿನಲ್ಲಿ ಒಣಹಣ್ಣಿನ ಡಬ್ಬಿ ಹಂಚಿದರು. ಅರ್ಧ ವರ್ಷದ ಉತ್ತಮ ಕೆಲಸಗಾರನೆಂದು ರಾಹುಲನಿಗೆ ಫಲಕ. ಅವನ ಹೆಸರಿನಲ್ಲಿ ಎಲ್ಲರಿಗಿಂತ ಎರಡರಷ್ಟು ಕೆಲಸವಿದೆ ಎಂದು ಸಾಹೇಬರು ಹೊಗಳಿದರು. ರಾಹುಲ್ ನೆಲ ನೋಡಿದ. ಹಂಸಿನಿ ಚಪ್ಪಾಳೆ ತಟ್ಟಿದಳು. ನಾನೂ ತಟ್ಟಿದೆ.

ಪದ್ಮಾಳಿಗೆ ಹೇಳಬಾರದಿತ್ತು, ಹೇಳಿದೆ. "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಿಮ್ಮ ಆಫೀಸಲ್ಲಿ ಕೈ ಒಬ್ಬರದು, ಬಾಯಿ ಇನ್ನೊಬ್ಬರದು" ಅಂದಳು.

4 ಡಿಸೆಂಬರ್, ಗುರುವಾರ

ಇಂಗ್ಲೆಂಡಿನ ಗಿರಾಕಿಯಿಂದ ಪತ್ರ. ಅಲ್ಲಿ ಮುಗ್ಗಟ್ಟು, ಎಲ್ಲದರ ಮೇಲೂ ಕಣ್ಣಿಟ್ಟಿದ್ದಾರೆ. ಜನವರಿಯಲ್ಲಿ ತಪಾಸಣೆ. ಉಗ್ರಾಣಕ್ಕೆ ಯಾರು ಯಾರು ಹೋಗುತ್ತಾರೆ, ಒಬ್ಬೊಬ್ಬರಿಗೂ ಅವರದೇ ಪ್ರತ್ಯೇಕ ಹೆಸರಿದೆಯೇ, ಒಬ್ಬರ ಹೆಸರನ್ನು ಇನ್ನೊಬ್ಬರು ಬಳಸುತ್ತಾರೆಯೇ ಎಂದು ನೋಡುತ್ತಾರಂತೆ. ಬಳಸಿದರೆ ಕರಾರು ರದ್ದು.

ಅತ್ತ ದರಿ, ಇತ್ತ ಪುಲಿ. ಸಾಹೇಬರಿಗೆ ಈಗ ಹೇಳಿದರೆ ಮೂರು ತಿಂಗಳು ಯಾಕೆ ಮುಚ್ಚಿಟ್ಟಿರಿ ಅನ್ನುತ್ತಾರೆ. ಹೇಳದಿದ್ದರೆ ಟಿಪ್ಪಣಿಗಳಲ್ಲಿ ಆ ಹುಡುಗಿಯ ಹೆಸರು ಸಾಲುಸಾಲಾಗಿ ಕೂತಿದೆ.

5 ಡಿಸೆಂಬರ್, ಶುಕ್ರವಾರ

ರಾಹುಲನನ್ನು ಕರೆದು ಕೇಳಿದೆ. ಹಳೆಯ ಟಿಪ್ಪಣಿಗಳನ್ನು ತಿದ್ದಬಹುದಂತೆ. ತಿದ್ದಲು ಯಜಮಾನ ಖಾತೆಯವರು ಅನುಮತಿ ಕೊಡಬೇಕು.

ಕೊಟ್ಟೆ.

ಸರ್ಕಾರಿ ಕಡತದಲ್ಲಿ ಒಂದು ಅಕ್ಷರದ ಮೇಲೆ ಬಿಳಿ ಬಳಿದವನಲ್ಲ ನಾನು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸಣ್ಣ ಸಹಿ. ಕೆಳಗಿನವರಿಗೂ ಅದನ್ನೇ ಕಲಿಸಿದ್ದೆ. ಇವತ್ತು ನೂರಾ ನಲವತ್ತು ಟಿಪ್ಪಣಿಗಳಿಂದ ಒಂದು ಹೆಸರು ಹತ್ತು ನಿಮಿಷದಲ್ಲಿ ಹೋಯಿತು. ಗೆರೆಯೂ ಉಳಿಯಲಿಲ್ಲ. ನಾಚಿಕೆಯಾಯಿತು. ಆದರೆ ಕರಾರು ಹೋದರೆ ಆ ಹುಡುಗಿಯ ಕೆಲಸವೂ ಹೋಗುತ್ತದೆ. ಅವಳ ಒಳ್ಳೆಯದಕ್ಕೇ ಮಾಡಿದ್ದು.

ಅವಳಿಗೆ ನಾನೇ ತಿಳಿಸಿದೆ, ಇನ್ನು ಮುಂದೆ ಬರೆಯಬೇಡ ಎಂದೂ ಹೇಳಿದೆ. ಜಗಳವಾಡುತ್ತಾಳೆ ಅಂದುಕೊಂಡಿದ್ದೆ. "ಎಲ್ಲಾನೂ ಅಳಿಸಿದ್ರಾ?" ಅಂತ ಒಂದೇ ಮಾತು ಕೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ಜಗಳವಾಡಿದ್ದರೆ ನನಗೆ ಹಗುರಾಗುತ್ತಿತ್ತು.

8 ಜನವರಿ 2009, ಗುರುವಾರ

ದಟ್ಟ ಮಂಜು. ಕ್ಯಾಬು ಹತ್ತೂವರೆಗೆ ತಲುಪಿತು. ತಪಾಸಣೆ ಮುಗಿಯಿತು. ಪ್ರಮಾಣಪತ್ರಕ್ಕೆ ಸಹಿ ಹಾಕಿದೆ: ಪ್ರತಿ ಹೆಸರನ್ನೂ ಆಯಾ ವ್ಯಕ್ತಿಯೇ ಬಳಸುತ್ತಾನೆ, ಹಂಚಿಕೆ ಇಲ್ಲ. ಕೆಳಗೆ ದಕ್ಷಿಣಾಮೂರ್ತಿ, ಆಡಳಿತಾಧಿಕಾರಿ. ಬಂದವರು ನಮ್ಮ ವ್ಯವಸ್ಥೆ ಅಚ್ಚುಕಟ್ಟಾಗಿದೆ ಎಂದರು.

16 ಫೆಬ್ರವರಿ, ಸೋಮವಾರ

ಅಚ್ಚುಕಟ್ಟು ಯಾವ ಉಪಯೋಗಕ್ಕೂ ಬರಲಿಲ್ಲ. ಗಿರಾಕಿ ಕೆಲಸವನ್ನು ಅರ್ಧಕ್ಕೆ ಇಳಿಸಿದ್ದಾನೆ. ನಾಲ್ಕು ಜನರನ್ನು ತೆಗೆಯಬೇಕು. ಸಾಹೇಬರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು.

"ಮೂರ್ತಿ ಜೀ, ನನಗೆ ಯಾರ ಮೇಲೂ ದ್ವೇಷ ಇಲ್ಲ. ಉಗ್ರಾಣದ ಲಾಗ್ ತೆಗೆಯಿರಿ. ಯಾರ ಹೆಸರಲ್ಲಿ ಎಷ್ಟು ಕೆಲಸ ಇದೆಯೋ ಅದೇ ತೀರ್ಮಾನ ಮಾಡಲಿ. ಕಡಿಮೆ ಇರೋ ನಾಲ್ಕು ಜನ ಹೋಗ್ತಾರೆ."

ನಾನು ಅಲ್ಲೇ ನಿಂತೆ. ಹಂಸಿನಿ ಅನ್ನುವ ಹುಡುಗಿ ಕೂಡ ಕೆಲಸ ಮಾಡುತ್ತಾಳೆ ಅಂದೆ.

"ಅವಳಾ? ರಾಹುಲನ ಪಕ್ಕ ಕೂತು ಕಲೀತಿದ್ದಾಳೆ ಅಂದುಕೊಂಡಿದ್ದೆ. ಅವಳ ಕೆಲಸ ಎಲ್ಲಿ ಕಾಣತ್ತೆ, ತೋರಿಸಿ."

ಹೇಳಬಹುದಿತ್ತು. ಬಾಯಿಯವರೆಗೂ ಬಂತು. ಆದರೆ ಅವರ ಮೇಜಿನ ಗಾಜಿನ ಕೆಳಗೆ ನನ್ನ ಸಹಿಯ ಪ್ರಮಾಣಪತ್ರದ ಪ್ರತಿ ಕಾಣುತ್ತಿತ್ತು. ಹೇಳಿದರೆ ಅದು ಸುಳ್ಳಾಗುತ್ತದೆ, ಉಳಿದ ಅರ್ಧ ಕೆಲಸವೂ ಹೋಗುತ್ತದೆ, ಮೊದಲು ಹೋಗುವವನು ನಾನು. ಅರವತ್ತೊಂದರಲ್ಲಿ ಸುಳ್ಳುಗಾರ ಅನ್ನಿಸಿಕೊಂಡು ಹೋಗಬೇಕು. "ನೋಡಿ ಹೇಳುತ್ತೇನೆ ಸರ್" ಅಂದೆ.

ಹೊರಗೆ ಬಂದು ರಾಹುಲನನ್ನು ಮೆಟ್ಟಿಲ ಬಳಿ ಹಿಡಿದೆ. ನೀನಾದರೂ ಹೇಳು, ನಿನಗೆ ಅವರು ಏನೂ ಅನ್ನುವುದಿಲ್ಲ ಅಂದೆ. ಅವನು ಬೇಡಿಕೊಳ್ಳುವ ಹಾಗೆ ನನ್ನ ಕೈ ಹಿಡಿದ. "ಸರ್, ಆಪ್ ಹೀ ನೇ ತೋ ಕಹಾ ಥಾ. ನೀವು ಹೇಳಿದ್ದಕ್ಕೆ ತಾನೇ ಕೊಟ್ಟಿದ್ದು? ಅಳಿಸಿ ಅಂದದ್ದೂ ನೀವೇ."

ಹೌದು.

18 ಫೆಬ್ರವರಿ, ಬುಧವಾರ

ಲಾಗ್ ಇದ್ದ ಹಾಗೆಯೇ ಮುದ್ರಿಸಿ ಮೇಲೆ ಒಂದು ಒಕ್ಕಣೆ ಇಟ್ಟು ಸಲ್ಲಿಸಲಾಯಿತು: ದಾಖಲೆಯಂತೆ ವಿವರ ಲಗತ್ತಿಸಿದೆ, ಸೂಕ್ತ ಆದೇಶಕ್ಕಾಗಿ. ನಾನಾಗಿ ಏನನ್ನೂ ಸೇರಿಸಲಿಲ್ಲ, ಏನನ್ನೂ ತೆಗೆಯಲಿಲ್ಲ.

ಮೊದಲ ಸ್ಥಾನದಲ್ಲಿ ರಾಹುಲ್. ಆ ಹುಡುಗಿ ಪಟ್ಟಿಯ ಕೊನೆಯಲ್ಲೂ ಇಲ್ಲ, ಪಟ್ಟಿಯಲ್ಲೇ ಇಲ್ಲ.

20 ಫೆಬ್ರವರಿ, ಶುಕ್ರವಾರ

ನಾಲ್ವರಿಗೂ ಪತ್ರ ಕೊಡುವ ಕೆಲಸ ನನ್ನದೇ. ಮೂವರು ತೆಗೆದುಕೊಂಡು ಹೋದರು, ಅವರಲ್ಲಿ ಒಬ್ಬ ಅತ್ತ. ಆ ಹುಡುಗಿ ಕೊನೆಯಲ್ಲಿ ಬಂದಳು. ಪತ್ರ ಓದಿ ಮಡಚಿ ಚೀಲಕ್ಕೆ ಹಾಕಿದಳು.

"ಸಾಹೇಬ್ರ ರೂಮಿಂದ ಸೋಮವಾರ ನೀವು ಹೊರಗೆ ಬಂದಾಗ, ನನ್ ಬಗ್ಗೆ ಮಾತಾಡಿದ್ದೀರಿ ಅಂದ್ಕೊಂಡೆ ಅಂಕಲ್."

"ಮಾತಾಡಿದೆನಮ್ಮ. ದಾಖಲೆ ಕೇಳಿದರು."

"ದಾಖಲೆ ಅಳಿಸಿದ್ದು ನೀವಲ್ವಾ?"

ನೀರು ಕುಡಿದೆ. ಅವಳಿಗೂ ಒಂದು ಲೋಟ ಮುಂದಿಟ್ಟೆ, ಮುಟ್ಟಲಿಲ್ಲ. ಅನುಭವ ಪತ್ರದಲ್ಲಿ ಕ್ಲೇಮಿನ ಭಾಗ ತಾನು ಬರೆದದ್ದೆಂದು ಒಂದು ಸಾಲು ಸೇರಿಸಿ ಕೊಡಿ ಎಂದು ಕೇಳಿದಳು. ಅದಿಲ್ಲದಿದ್ದರೆ ಐದು ತಿಂಗಳು ಸುಮ್ಮನೆ ಕೂತಿದ್ದವಳನ್ನು ಈ ಕಾಲದಲ್ಲಿ ಯಾರು ತೆಗೆದುಕೊಳ್ಳುತ್ತಾರೆ, ಅಪ್ಪನ ಔಷಧಿ ನಿಲ್ಲುವ ಹಾಗಿಲ್ಲ ಅಂದಳು. ಕಾಗದದಲ್ಲಿ ಹಾಗೆ ಬರೆಯಲು ಬರುವುದಿಲ್ಲ, ನಮೂನೆ ನಿಗದಿಯಾಗಿದೆ ಎಂದು ತಿಳಿಸಿದೆ. ಸೇರಿದ ದಿನ, ಬಿಟ್ಟ ದಿನ, ನಡತೆ ತೃಪ್ತಿಕರ. "ಯಾರಾದರೂ ವಿಚಾರಿಸಿದರೆ ನನ್ನ ನಂಬರ್ ಕೊಡು. ಬಾಯಲ್ಲಿ ಎಲ್ಲ ಹೇಳ್ತೀನಿ" ಅಂದೆ. ಮನಸ್ಸಿನಿಂದಲೇ ಅಂದೆ.

ಆಮೇಲೆ ರಾಹುಲನ ಗುಪ್ತಪದ ಬದಲಾಯಿಸಿದೆ. ಅದು ನಿಯಮ.

9 ಮಾರ್ಚ್, ಸೋಮವಾರ

ಹೋದ ಮೂವರ ಹೆಸರನ್ನು ಉಗ್ರಾಣದಿಂದ ತೆಗೆಯಲಾಯಿತು. ಹತ್ತರಲ್ಲಿ ಈಗ ಮೂರು ಖಾಲಿ. ನಾಲ್ಕನೆಯವರ ಹೆಸರು ತೆಗೆಯುವ ಪ್ರಮೇಯ ಬರಲಿಲ್ಲ.

ಸಾಹೇಬರು ಇದಕ್ಕಿಂತ ಸಣ್ಣ ಚಂದಾ ಇದೆಯೇ ನೋಡಿ ಅಂದರು.

27 ಮಾರ್ಚ್, ಶುಕ್ರವಾರ

ಯುಗಾದಿ. ಪದ್ಮಾ ಒಬ್ಬಟ್ಟು ಕಟ್ಟಿಕೊಂಡು ಮರಿಯಪ್ಪನ ಮನೆಗೆ ಒಬ್ಬಳೇ ಹೋಗಿಬಂದಳು. ನನಗೆ ಕೆಮ್ಮು. ಬಂದವಳು ಚೀಲ ಇಟ್ಟು ಕೂತಳು. ಏನಾಯಿತೆಂದು ಕೇಳಿದೆ.

"ಹಂಸಿನಿ ಆರು ಕಡೆ ಹೋಗಿ ಬಂದಳಂತೆ. ಎಲ್ಲಾ ಕಡೆ, ಐದು ತಿಂಗಳು ಏನು ಮಾಡಿದೆ, ತೋರಿಸು ಅಂತಾರಂತೆ. ಮರಿಯಪ್ಪನವರ ಕೈಕಾಲಿಗೆ ವ್ಯಾಯಾಮ ಮಾಡಿಸೋನು ಬರೋದು ನಿಂತಿದೆ. ನೀವು ಒಂದು ಸಲ ಹೋಗಿ ಬನ್ನಿ ರೀ."

ಮುಂದಿನ ವಾರ ನೋಡೋಣ ಎಂದೆ.

15 ಏಪ್ರಿಲ್, ಬುಧವಾರ

ಬಿಸಿಲು ಶುರುವಾಗಿದೆ. ಹನ್ನೊಂದು ಗಂಟೆಗೆ ನೋಯ್ಡಾದ ಒಂದು ಕಂಪನಿಯಿಂದ ದೂರವಾಣಿ ಕರೆ. ಮಾತಾಡಿದ ಹೆಂಗಸು ಬಹಳ ಸೌಜನ್ಯದವರು. ಹಂಸಿನಿ ಮರಿಯಪ್ಪ ಎಂಬವರು ಅವರಲ್ಲಿ ಅರ್ಜಿ ಹಾಕಿದ್ದಾರೆ, ಸಂದರ್ಶನದ ಎಲ್ಲ ಸುತ್ತು ಮುಗಿದಿದೆ, ಕ್ಲೇಮು ಲೆಕ್ಕದ ಭಾಗವನ್ನು ತಾವೊಬ್ಬರೇ ಬರೆದದ್ದೆಂದು ಹೇಳಿದ್ದಾರೆ. ನೀವು ಖಚಿತಪಡಿಸಿದರೆ ಇವತ್ತೇ ಪತ್ರ ಕಳಿಸುತ್ತೇವೆ ಎಂದರು.

ಹೌದು ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಆಕೆ, ಇದನ್ನು ಇಮೇಲಿನಲ್ಲಿ ಒಂದು ಸಾಲು ಬರೆದು ಕಳಿಸಿ, ಕಡತಕ್ಕೆ ಬೇಕು ಅಂದರು. ಲಿಖಿತ ಎಂದ ಮೇಲೆ ವಿಷಯ ಬೇರೆ. ಲಿಖಿತದಲ್ಲಿ ಕೊಡುವುದಕ್ಕೆ ಆಧಾರವಿರಬೇಕು. ಪರಿಶೀಲಿಸಿ ತಿಳಿಸುತ್ತೇನೆಂದು ಹೇಳಿ, ಅರ್ಧ ಗಂಟೆ ಕೂತು ಸೆಪ್ಟೆಂಬರಿನಿಂದ ಫೆಬ್ರವರಿಯವರೆಗಿನ ಲಾಗನ್ನು ನಾನೇ ಒಂದೊಂದಾಗಿ ನೋಡಿದೆ. ಆ ಕೆಲಸವನ್ನು ಬೇರೆ ಯಾರ ಮೇಲೂ ಹೊರಿಸಲಿಲ್ಲ. ಸದರಿಯವರ ಹೆಸರು ಎಲ್ಲಿಯೂ ಕಂಡುಬರಲಿಲ್ಲ. ಹಾಗೆಯೇ ಬರೆದು ಕಳಿಸಿದೆ: ಸದರಿಯವರು ಮೇಲ್ಕಂಡ ಅವಧಿಯಲ್ಲಿ ಉದ್ಯೋಗದಲ್ಲಿದ್ದರು. ಲಭ್ಯ ದಾಖಲೆಗಳಲ್ಲಿ ಸದರಿಯವರ ಕೊಡುಗೆ ಕಂಡುಬಂದಿಲ್ಲ. ನಡತೆ ತೃಪ್ತಿಕರ.

ಇಷ್ಟು ಪ್ರಾಮಾಣಿಕವಾಗಿ ಉತ್ತರಿಸುವವರು ಈಗ ಕಡಿಮೆ ಎಂದು ಆಕೆ ವಂದನೆ ತಿಳಿಸಿದರು.

ಸಂಜೆ ಮನೆಗೆ ಬಂದು ಕಾಫಿ ಹಿಡಿದಿದ್ದೆ, ಮರಿಯಪ್ಪನ ಫೋನು. ಅವನ ಹೆಂಡತಿ ಹಿಡಿದುಕೊಂಡಿದ್ದಿರಬೇಕು, ಪಕ್ಕದಲ್ಲಿ ಉಸಿರು ಕೇಳುತ್ತಿತ್ತು. ಒಂದೊಂದು ಶಬ್ದಕ್ಕೂ ಅವನು ಒದ್ದಾಡುತ್ತಾನೆ.

"ಮೂರ್ತಿ... ನೋಯ್ಡಾದವ್ರು... ಇವತ್ತು ನಿಂಗೆ ಮಾಡ್ತಾರೆ ಅಂದ್ಲು ಮಗು. ಮಾಡಿದ್ರಾ?"

"ಮಾಡಿದ್ದರು. ವಿಚಾರಿಸಿದರು. ಎಲ್ಲ ನೋಡಿ ಉತ್ತರ ಕೊಟ್ಟಿದ್ದೇನೆ" ಅಂದೆ.

"ನಂಗೊತ್ತಿತ್ತು... ನೀನಿದ್ದೀಯಲ್ಲ" ಅಂದ. ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಈಚೆಗೆ ಅವನದು ಎರಡೂ ಒಂದೇ ತರಹ ಕೇಳುತ್ತದೆ.

ನಾನು ಅವನಿಗೆ ಹೇಳಿದ್ದರಲ್ಲಿ ಸುಳ್ಳು ಯಾವುದೂ ಇಲ್ಲ.